ಕೆರೆಯ ಏರಿಯಿಂದ ಕಡಲ ದಂಡೆಗೆ

ಗಾಳ ಹಾಕಿ ಕುಳಿತವನನ್ನು ಕಂಡರೆ ನಮ್ಮ ಜನರಲ್ಲಿ ಸಾಮಾನ್ಯವಾಗಿ ಎರಡು ಭಾವಗಳು ಹುಟ್ಟುತ್ತವೆ. ಒಂದು ಮರುಕ, ಇನ್ನೊಂದು ನಗೆ. ಬೇರೆ ಉದ್ಯೋಗವಿಲ್ಲದೆ ಬಂದು ಕುಳಿತಿದ್ದಾನೆ ಪಾಪ ಎಂದು ಹಿರಿಯರು ಮರುಗುತ್ತಾರೆ. ಮೀನಿಗಿಂತ ಇವನೇ ಮೊದಲು ಬಲೆಗೆ ಬಿದ್ದಿದ್ದಾನೆ ಎಂದು ಕಿರಿಯರು ನಗುತ್ತಾರೆ. ಐವತ್ತು ವರ್ಷಗಳಿಗೂ ಮೇಲ್ಪಟ್ಟು ಈ ಮರುಕಕ್ಕೂ ಈ ನಗೆಗೂ ಪಾತ್ರನಾಗಿರುವವನು ನಾನು. ಈ ಹೊತ್ತು ನಾಲ್ಕು ಮಾತುಗಳನ್ನಾಡಬೇಕೆಂದಿರುವುದು ಗಾಳದ ಒಂದು ವಿಶೇಷ ಬಗೆಯನ್ನು ಕುರಿತು. ಇಂಗ್ಲಿಷಿನವರು ಅದನ್ನು ‘ಫ್ಲೈ ಫಿಷಿಂಗ್’ ಎನ್ನುತ್ತಾರೆ. ನಮ್ಮ ತಂದೆಯವರು ಅದಕ್ಕೆ ‘ಗರಿಗಾಳ’ ಎಂದು ಹೆಸರಿಟ್ಟಿದ್ದರು. ನಾನೂ ಆ ಹೆಸರನ್ನೇ ಬಳಸುತ್ತೇನೆ.

ಇದು ದೊರೆಗಳು ಹಡಗಿನಲ್ಲಿ ತಂದಿಳಿಸಿದ ವಿನೋದ, ನಮಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಗಾಳದ ವಿನೋದ ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ನಡುವೆ ‘ಮತ್ಸ್ಯವಿನೋದ’ ಎಂಬ ಒಂದು ಪ್ರಕರಣವೇ ಇದೆ. ಮೀನುಗಳ ಜಾತಿಗಳು, ಅವುಗಳಿಗೆ ಹಾಕಬೇಕಾದ ಆಹಾರ, ಗಾಳದ ಕೋಲು, ದಾರ ಎಲ್ಲವನ್ನೂ ಅಲ್ಲಿ ಶಾಸ್ತ್ರದಂತೆ ವಿವರಿಸಲಾಗಿದೆ. ಮೀನುಗಳ ವಿಜ್ಞಾನದಲ್ಲಿ ಹೆಸರಾದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ವಿದ್ವಾಂಸರ ಗಮನಕ್ಕೆ ತಂದರು. ಇಂಗ್ಲೆಂಡಿನ ಐಸಾಕ್ ವಾಲ್ಟನ್ ಗಾಳದ ಮೇಲೆ ತನ್ನ ಪ್ರಸಿದ್ಧ ಪುಸ್ತಕವನ್ನು ಪ್ರಕಟಿಸಿದ್ದು 1653ರಲ್ಲಿ. ನಮ್ಮ ದೊರೆ ಅವನಿಗಿಂತ ಐನೂರು ವರ್ಷಗಳಷ್ಟು ಹಿರಿಯ.

ಆದರೆ ಗರಿಗಾಳ ಮಾತ್ರ ಹೊರಗಿನಿಂದ ಬಂದದ್ದು. ಮ್ಯಾಸಿಡೋನಿಯದ ಹೊಳೆಯೊಂದರಲ್ಲಿ ಜನರು ಗಾಳಕ್ಕೆ ಕೆಂಪು ಉಣ್ಣೆಯನ್ನೂ ಹುಂಜದ ಗರಿಗಳನ್ನೂ ಸುತ್ತಿ ನೀರಿನ ಮೇಲೆ ಹಾರುವ ಹುಳುವಿನಂತೆ ಮಾಡಿ ಮೀನನ್ನು ವಂಚಿಸುತ್ತಿದ್ದರೆಂದು ಏಲಿಯನ್ ಎಂಬ ರೋಮನ್ ಲೇಖಕ ಸುಮಾರು 1800 ವರ್ಷಗಳ ಹಿಂದೆ ಬರೆದಿಟ್ಟಿದ್ದಾನೆ. ಗರಿಗಾಳದ ಜೀವಾಳ ಇಷ್ಟೇ: ಎರೆಹುಳು ಇಲ್ಲ, ರಾಗಿಹಿಟ್ಟಿನ ಉಂಡೆ ಇಲ್ಲ, ಗರಿ, ಕೂದಲು, ನೂಲುಗಳಿಂದ ಕಟ್ಟಿದ ಒಂದು ಸುಳ್ಳು ಹುಳು.

ಈ ಸುಳ್ಳಿಗೆ ತೂಕವಿಲ್ಲ ಎಂಬಲ್ಲಿಂದಲೇ ಎಲ್ಲ ತೊಡಕೂ ಆರಂಭವಾಗುತ್ತದೆ. ಸಾಮಾನ್ಯ ಗಾಳದಲ್ಲಿ ಸೀಸದ ಗುಂಡು ಇರುತ್ತದೆ. ಕವಣೆಯ ಕಲ್ಲಿನಂತೆ ಗುಂಡು ಮುಂದೆ ಹಾರುತ್ತದೆ, ದಾರ ಅದರ ಹಿಂದೆ ಎಳೆದುಕೊಂಡು ಹೋಗುತ್ತದೆ. ಗರಿಯನ್ನು ಹಾಗೆ ಎಸೆಯಲಾಗದು. ಎಸೆದರೆ ಕಾಲಬುಡದಲ್ಲೇ ಬೀಳುತ್ತದೆ. ಆದುದರಿಂದ ಇಲ್ಲಿ ತೂಕವನ್ನು ದಾರಕ್ಕೇ ಕೊಟ್ಟಿರುತ್ತಾರೆ. ದಪ್ಪವಾದ, ನುಣುಪಾದ ಆ ದಾರಗಳಿಗೆ ತೂಕಕ್ಕೆ ತಕ್ಕಂತೆ ಅಂಕಿಗಳಿವೆ. ಕಡಲಿನಲ್ಲಿ ಹೆಚ್ಚಾಗಿ ಬಳಸುವ 8ನೆಯ ಅಂಕಿಯ ದಾರದ ಮೊದಲ 30 ಅಡಿ ತೂಗಿದರೆ ಸುಮಾರು 13.6 ಗ್ರಾಂ. ಒಂದೂಕಾಲು ತೊಲಕ್ಕೂ ಕಡಮೆ. ಅಷ್ಟು ಹಗುರವಾದ ವಸ್ತುವನ್ನು ಎಪ್ಪತ್ತು, ಎಂಬತ್ತು ಅಡಿ ದೂರಕ್ಕೆ ಕಳುಹಿಸಬೇಕು. ಚಾವಟಿ ಬೀಸಿದಂತೆ ಕೋಲನ್ನು ಹಿಂದಕ್ಕೆ ಎತ್ತಿ ಕಿವಿಯ ಬಳಿ ತಟ್ಟನೆ ನಿಲ್ಲಿಸಬೇಕು. ದಾರ ತಲೆಯ ಮೇಲಿಂದ ಹಿಂದಕ್ಕೆ ಹೋಗಿ, ಸುರುಳಿ ಬಿಚ್ಚಿ, ನೇರವಾಗುವವರೆಗೆ ಕಾಯಬೇಕು. ಆಗ ಅದರ ತೂಕಕ್ಕೆ ಕೋಲು ಬಿಲ್ಲಿನಂತೆ ಬಾಗುತ್ತದೆ. ಅದೇ ಗಳಿಗೆಯಲ್ಲಿ ಮುಂದಕ್ಕೆ ತಂದರೆ ಬಿಲ್ಲು ನೆಟ್ಟಗಾಗಿ ದಾರವನ್ನು ತಾನೇ ಎಸೆಯುತ್ತದೆ. ಅವಸರಪಟ್ಟರೆ ಬೆನ್ನ ಹಿಂದೆ ‘ಚಟ್’ ಎಂದು ಸದ್ದಾಗುತ್ತದೆ. ಗರಿ ಹರಿದು ಹೋಯಿತೆಂದೇ ಅರ್ಥ.

ನಾನು ಇದನ್ನು ಕಲಿತದ್ದು ಸಮುದ್ರದಿಂದ ಬಹುದೂರದಲ್ಲಿ, ಮಳೆಗಾಗಿ ಮುಗಿಲು ನೋಡುವ ಕೋಲಾರದ ಸೀಮೆಯಲ್ಲಿ. ನಮ್ಮ ಊರು ಬಂಗಾರಪೇಟೆ. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬನ ಹೆಸರಿನಲ್ಲಿ ಅದು ಒಂದು ಕಾಲಕ್ಕೆ ಬೌರಿಂಗ್‌ಪೇಟೆ. ಅಲ್ಲಿಂದ ಚಿನ್ನದ ಗಣಿಗೆ ಕವಲೊಡೆಯುವ ರೈಲಿನಲ್ಲಿ ಕೋರಮಂಡಲ್, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ನಿಲ್ದಾಣಗಳನ್ನು ಬಾಯಿಪಾಠ ಹೇಳುತ್ತ ನಾವು ಬೆಳೆದೆವು. ತಂದೆಯವರು ಗಣಿಯ ಒಳಗೆ ಅಳತೆಯ ಸರಪಳಿ ಹಿಡಿಯುವ ಕೆಲಸದಲ್ಲಿದ್ದರು. ಆ ಗಣಿ ಮೂರು ಕಿಲೋಮೀಟರಿಗೂ ಆಳ. ತಳದಲ್ಲಿ ಬಂಡೆಯ ಶಾಖವೇ 60 ಡಿಗ್ರಿಗೂ ಮೇಲೆ. ಭೂಮಿಯ ಒತ್ತಡಕ್ಕೆ ಬಂಡೆಗಳು ಇದ್ದಕ್ಕಿದ್ದಂತೆ ಸಿಡಿಯುವುದೂ ಉಂಟು. ಅಂಥ ಒಂದು ಸಿಡಿತದಲ್ಲಿ ಜೊತೆಯಲ್ಲೇ ಸರಪಳಿಯ ಇನ್ನೊಂದು ತುದಿ ಹಿಡಿದಿದ್ದ ಗೆಳೆಯನನ್ನು ತಂದೆಯವರು ಕಳೆದುಕೊಂಡರು. ಆ ವಿಷಯವನ್ನು ಅವರು ಮನೆಯಲ್ಲಿ ಒಮ್ಮೆಯೂ ಎತ್ತಲಿಲ್ಲ. ಆದರೆ ಭಾನುವಾರ ಬಂದಿತೆಂದರೆ ಸೈಕಲ್ ಹತ್ತಿ ಬೇತಮಂಗಲದ ಕೆರೆಗೆ ಹೊರಟುಬಿಡುತ್ತಿದ್ದರು.

ಬೇತಮಂಗಲ ಹಳೆಯ ಊರು. ಅದರ ಪ್ರಾಚೀನ ಹೆಸರು ವಿಜಯಾದಿತ್ಯಮಂಗಲ. ಪಾಲಾರ್ ಹೊಳೆಯ ನೀರನ್ನು ತಡೆದು ನಿಲ್ಲಿಸಿದ ಅಲ್ಲಿನ ಕೆರೆಯೇ ಇಪ್ಪತ್ತನೆಯ ಶತಮಾನದ ಆರಂಭದಿಂದ ಚಿನ್ನದ ಗಣಿಯ ಊರಿಗೆ ನೀರು ಕುಡಿಸಿದ್ದು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೆ ಬಂದಾಗ ಸ್ವದೇಶಕ್ಕೆ ಹೊರಟ ಇಂಗ್ಲಿಷ್ ಅಧಿಕಾರಿಯೊಬ್ಬರು ಬಿದಿರಿನ ಸೀಳುಗಳನ್ನು ಅಂಟಿಸಿ ಮಾಡಿದ ತಮ್ಮ ಗಾಳದ ಕೋಲನ್ನು ತಂದೆಯವರ ಕೈಗೆ ಕೊಟ್ಟು ಹೋಗಿದ್ದರು. ಹೇಗೆ ಬೀಸಬೇಕೆಂಬುದನ್ನು ಒಂದು ಸಂಜೆ ತೋರಿಸಿದ್ದರಂತೆ, ಅಷ್ಟೇ. ಉಳಿದುದನ್ನು ತಂದೆಯವರು ತಾವೇ ಕಲಿತರು.

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲುಗಳು ನೆಲದಿಂದ ಏಳುತ್ತವೆ. ಅವು ಕೆರೆಯ ಮೇಲೆ ಉದುರತೊಡಗಿದರೆ ಗೆಂಡೆ, ಪಕ್ಕೆಗಳೆಲ್ಲ ಮೇಲೆದ್ದು ಬಾಯಿ ತೆರೆಯುತ್ತವೆ. ನೀರಿನ ತುಂಬ ಸಣ್ಣ ಸಣ್ಣ ಉಂಗುರಗಳು. ಸಂತೆಯಲ್ಲಿ ಆಯ್ದು ತಂದ ನಾಟಿ ಹುಂಜದ ಕತ್ತಿನ ಗರಿಯಿಂದ ತಂದೆಯವರು ಅಂಥದೇ ಗೆದ್ದಲನ್ನು ಕಟ್ಟುತ್ತಿದ್ದರು. ನನಗೆ ಹದಿನಾಲ್ಕು ವರ್ಷವಾದಾಗ ಕೋಲನ್ನು ನನ್ನ ಕೈಗೆ ಕೊಟ್ಟರು. ಹಿಂದೆ ಹೋದ ದಾರ ಕಣ್ಣಿಗೆ ಕಾಣುವುದಿಲ್ಲವಾದುದರಿಂದ ನನಗೆ ಕಾಯಲು ಆಗುತ್ತಿರಲಿಲ್ಲ. ‘ಹಿಂದಕ್ಕೆ ಹೋದದ್ದು ಪೂರ್ತಿ ಹೋಗಲಿ ಮಗು, ಆಮೇಲೆ ಮುಂದಕ್ಕೆ ತಾ’ ಎನ್ನುತ್ತಿದ್ದರು. ಇದೊಂದೇ ಅವರ ಪಾಠ. ಮನೆಗೆ ಒಂದು ಮೀನು, ಉಳಿದವು ಕೆರೆಗೆ ಎಂಬುದು ಅವರ ನಿಯಮ. ‘ಇಷ್ಟು ಹೊತ್ತು ಕಾಯುವ ಬದಲು ಒಂದು ಮದ್ದು ಸಿಡಿಸಿದರೆ ಬುಟ್ಟಿ ತುಂಬುತ್ತದಲ್ಲ’ ಎಂದು ಯಾರೋ ಒಮ್ಮೆ ತಮಾಷೆಗೆ ಅಂದರು. 1897ರಷ್ಟು ಹಿಂದೆಯೇ ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಹಿಡಿಯುವುದನ್ನು ನಿಷೇಧಿಸಿ ಕಾನೂನಾಗಿತ್ತು. ತಂದೆಯವರಿಗೆ ಕಾನೂನಿನ ಅರಿವು ಇತ್ತೋ ಇಲ್ಲವೋ. ‘ಸಿಡಿಯುವುದೆಂದರೇನು ಎಂಬುದನ್ನು ನಾನು ಒಳಗೆ ನಿಂತು ನೋಡಿದ್ದೇನೆ’ ಎಂದಷ್ಟೇ ಹೇಳಿ ಮುಖ ತಿರುಗಿಸಿದರು. ಅವರು ಕೆರೆಗೆ ಬರುತ್ತಿದ್ದುದು ಏಕೆಂಬುದು ನನಗೆ ಅಂದು ಅರ್ಥವಾಯಿತು.

ಕೆಲಸದ ವರ್ಗಾವಣೆಯ ಮೇಲೆ ನಾನು ಮಂಗಳೂರಿಗೆ ಹೋದದ್ದು 1981ರಲ್ಲಿ. ಹಾಸನದಿಂದ ಘಟ್ಟವಿಳಿದು ಬರುವ ರೈಲು ಆಗ ಹೊಸದು. ಕಡಲನ್ನು ಕಂಡೊಡನೆ ನನಗೆ ಅನಿಸಿದ್ದು, ಇದು ದೊಡ್ಡ ಬೇತಮಂಗಲ ಎಂದು. ಆ ಭ್ರಮೆ ಮೂರು ತಿಂಗಳಲ್ಲಿ ಇಳಿಯಿತು. ಗಾಳದ ಚರಿತ್ರೆಯಲ್ಲಿ ಮಂಗಳೂರಿಗೆ ಒಂದು ಸ್ಥಾನವುಂಟು. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಭಾರತದಲ್ಲಿ ಗಾಳ ಹಾಕುವ ವಿದ್ಯೆಯ ಮೇಲೆ ಬರೆದ ‘ದಿ ರಾಡ್ ಇನ್ ಇಂಡಿಯ’ ಎಂಬ ಗ್ರಂಥ 1873ರಲ್ಲಿ ಪ್ರಕಟವಾದದ್ದು ಅಲ್ಲಿಯೇ. ಕೆರೆಯ ಮೀನುಗಾರಿಕೆಯ ಮೇಲೂ ಆತ 1887ರಲ್ಲಿ ಒಂದು ಪುಸ್ತಕ ಬರೆದ. ಉಪ್ಪುನೀರಿನಲ್ಲಿ ಗರಿಗಾಳ ಹಾಕುವುದು ಮಾತ್ರ ಜಗತ್ತಿನಲ್ಲೇ ತಡವಾಗಿ ಬೆಳೆದ ಕಲೆ; ಅಮೆರಿಕದ ಫ್ಲಾರಿಡಾದ ತೀರದಲ್ಲಿ 1940ರ ದಶಕದ ಕೊನೆಯಿಂದ ಅದು ಹೆಸರು ಮಾಡಿತು.

ಬಿದಿರ ಕೋಲನ್ನು ಉಪ್ಪುನೀರಿಗೆ ತರಲು ಮನಸ್ಸು ಬಾರದೆ, ಕೊಲ್ಲಿಯ ದೇಶದಲ್ಲಿದ್ದ ಮಿತ್ರರೊಬ್ಬರಿಂದ ಗಾಜಿನ ನಾರಿನ ಕೋಲೊಂದನ್ನು ತರಿಸಿಕೊಂಡೆ. ಕಚೇರಿ ಮುಗಿಸಿ ದೋಣಿ ಹತ್ತಿ ಬೆಂಗ್ರೆಯ ಮರಳದಿಬ್ಬಕ್ಕೆ ಹೋಗುತ್ತಿದ್ದೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು. ಮುಂದೆ ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಕೂಡಿ ಸಮುದ್ರ ಸೇರುವ ಅಳಿವೆ. ದಾರ ಬೀಸಿದರೆ ಗಾಳಿ ಅದನ್ನು ತಿರುಗಿಸಿ ನನ್ನ ಮುಖಕ್ಕೇ ಎಸೆಯುತ್ತಿತ್ತು. ಒಂದು ಸಂಜೆ ಗಾಳ ನನ್ನ ಕಿವಿಯನ್ನೇ ಹಿಡಿಯಿತು. ಮೂರು ತಿಂಗಳಲ್ಲಿ ನಾನು ಹಿಡಿದ ಪ್ರಾಣಿ ಅದೊಂದೇ.

ಬಲೆ ಹರಡಿಕೊಂಡು ಕುಳಿತಿದ್ದ ವೃದ್ಧ ಮೊಗವೀರರೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. ಅವರೇ ಕಿವಿಯಿಂದ ಗಾಳ ತೆಗೆದರು. ‘ಬೆಳಿಗ್ಗೆ ಬನ್ನಿ ಮಾರಾಯ್ರೆ, ಬೆಳಿಗ್ಗೆ ಗಾಳಿ ನಿಮ್ಮ ಬೆನ್ನಿಗೆ’ ಎಂದರು. ಅದು ಸರಿಯಾದ ಮಾತು. ಹಗಲಿನಲ್ಲಿ ನೆಲ ಕಡಲಿಗಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಗಾಳಿ ಹಗುರಾಗಿ ಏರಿ, ಆ ತೆರವಿಗೆ ಕಡಲಗಾಳಿ ನುಗ್ಗುತ್ತದೆ. ರಾತ್ರಿ ನೆಲ ಬೇಗ ತಣಿಯುವುದರಿಂದ ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಪಾಠಶಾಲೆಯಲ್ಲಿ ಇದನ್ನು ಓದಿ ಅಂಕ ಪಡೆದಿದ್ದವನು ನಾನು. ದಂಡೆಯ ಮೇಲೆ ಅದು ನೆನಪಾಗಲಿಲ್ಲ.

ಎರಡನೆಯ ಪಾಠ ಭರತ ಇಳಿತಗಳದ್ದು. ಒಂದು ಭರತದಿಂದ ಇನ್ನೊಂದಕ್ಕೆ ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ; ದಿನ ದಿನವೂ ಸುಮಾರು ಐವತ್ತು ನಿಮಿಷ ತಡ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ನೀರು ಇಳಿಯತೊಡಗಿದಾಗ ಹೊಳೆಯು ಸಣ್ಣ ಮೀನುಗಳನ್ನೂ ಸಿಗಡಿಗಳನ್ನೂ ಅಳಿವೆಯ ಬಾಯಿಗೆ ತಂದು ಸುರಿಯುತ್ತದೆ. ದೊಡ್ಡ ಮೀನುಗಳು ಅಲ್ಲಿ ಕಾದಿರುತ್ತವೆ. ಹೀಗಾಗಿ ನಮಗೆ ಬಿಡುವಾದಾಗ ಹೋಗಿ ಫಲವಿಲ್ಲ. ಕಡಲಿಗೆ ಬಿಡುವಾದಾಗ ಹೋಗಬೇಕು. ಗಡಿಯಾರ ನೋಡಿ ಬದುಕುವ ಪಟ್ಟಣಿಗನಿಗೆ ಪಂಚಾಂಗ ನೋಡಿ ಕೆಲಸಕ್ಕೆ ಹೊರಡುವ ಅಭ್ಯಾಸ ಬಹಳ ಒಳ್ಳೆಯದು.

ಮೂರನೆಯದು, ದೂರ ಎಸೆಯಬೇಕೆಂಬ ಚಪಲವನ್ನು ಬಿಡುವುದು. ಅಲೆಗಳು ಮರಳನ್ನು ಕೊರೆದು ದಂಡೆಗೆ ಸಮನಾಗಿ ಸಣ್ಣ ಕಾಲುವೆಗಳಂಥ ತಗ್ಗುಗಳನ್ನು ಮಾಡಿರುತ್ತವೆ. ಅಲೆ ಒಡೆಯುವಲ್ಲಿ ನೀರು ತೆಳು; ಅಲೆ ಒಡೆಯದೆ ಹಸಿರಾಗಿ ಕಾಣುವಲ್ಲಿ ತಗ್ಗಿದೆ ಎಂದು ತಿಳಿಯಬೇಕು. ಮೀನು ಓಡಾಡುವುದು ಆ ತಗ್ಗಿನಲ್ಲಿ. ಎಷ್ಟೋ ದಿನ ನಾನು ಮೊಣಕಾಲುದ್ದ ನೀರಿಗಿಳಿದು, ಮೀನುಗಳನ್ನು ತುಳಿದುಕೊಂಡೇ ದಾಟಿ, ಅವುಗಳ ಆಚೆಗೆ ಗಾಳ ಎಸೆಯುತ್ತಿದ್ದೆ. ನೀರಿಗೆ ಇಳಿಯುವಾಗಲೂ ಒಂದು ಕ್ರಮವಿದೆ. ಕಾಲೆತ್ತಿ ಇಡಬಾರದು, ಮರಳಿನ ಮೇಲೆ ಎಳೆದುಕೊಂಡು ಸಾಗಬೇಕು. ಮರಳಿನಲ್ಲಿ ಹುದುಗಿರುವ ತೊರಕೆ ಮೀನು ಆಗ ಎಚ್ಚೆತ್ತು ಸರಿದುಹೋಗುತ್ತದೆ. ತುಳಿದರೆ ಬಾಲದ ಮುಳ್ಳಿನಿಂದ ಚುಚ್ಚುತ್ತದೆ.

ನಾಲ್ಕನೆಯ ಪಾಠ ನನ್ನ ಅಹಂಕಾರಕ್ಕೆ ತಗುಲಿದ್ದು. ಕೆರೆಯಲ್ಲಿ ಮೀನು ಗರಿಯನ್ನು ಕಚ್ಚಿದೊಡನೆ ಕೋಲನ್ನು ಮೇಲೆತ್ತಬೇಕು. ತಂದೆಯವರ ಕಾಲದಿಂದ ಕೈಗೆ ಬಂದ ಅಭ್ಯಾಸ. ಕಡಲಿನಲ್ಲಿ ಹಾಗೆ ಎತ್ತಿದರೆ ಗರಿ ಮೀನಿನ ಬಾಯಿಯಿಂದ ಆಚೆ ಬರುತ್ತದೆ. ಅಲ್ಲಿ ಗರಿ ಹುಳುವಲ್ಲ. ಮೇಕೆಯ ಬಿಳಿ ಕೂದಲಿಗೆ ಹಳೆಯ ಸೀರೆಯ ಜರಿ ಎಳೆ ಸೇರಿಸಿ ಕಟ್ಟಿದ ಭೂತಾಯಿಯ ಮರಿ. ಅದನ್ನು ಎಡಗೈಯಿಂದ ದಾರ ಎಳೆದೆಳೆದು ಈಜಿಸಬೇಕು. ಮೀನು ಹಿಡಿದಾಗಲೂ ಕೋಲನ್ನು ನೀರಿನತ್ತಲೇ ಚಾಚಿ, ಎಡಗೈಯಿಂದ ದಾರವನ್ನೇ ಗಟ್ಟಿಯಾಗಿ ಎಳೆಯಬೇಕು. ಒಂದೆಡೆ ಸರಿಯಾದದ್ದೇ ಇನ್ನೊಂದೆಡೆ ತಪ್ಪು ಎಂಬುದನ್ನು ತಲೆ ಬೇಗ ಒಪ್ಪುತ್ತದೆ. ಕೈ ಒಪ್ಪಬೇಕಾದರೆ ವರ್ಷ ಬೇಕು.

ಕೊನೆಗೊಂದು ದಿನ, ಡಿಸೆಂಬರಿನ ಬೆಳಗಿನ ಜಾವ, ನೀರು ಇಳಿಯತೊಡಗಿದ ಹೊತ್ತು, ಎಲ್ಲವೂ ಕೂಡಿಬಂದಿತು. ದಾರ ಬಿಗಿಯಾಯಿತು, ಮರುಕ್ಷಣ ಸುರುಳಿಯಿಂದ ಚೀರುತ್ತ ಹೊರಟಿತು. ಹತ್ತು ನಿಮಿಷದ ಮೇಲೆ ನನ್ನ ಕಾಲ ಬಳಿ ಬೆಳ್ಳಿ ಮೈಯ ಚಪ್ಪಟೆ ಮೀನೊಂದು ಮಗ್ಗುಲಾಗಿ ಮಲಗಿತ್ತು. ಆಗ ಬೆಳಕು ಹರಿಯುತ್ತಿತ್ತು. ಅದರ ಬೆನ್ನಿನ ಮೇಲೆ ಹಸಿರು, ಹೊಟ್ಟೆಯ ಮೇಲೆ ಹೇಳಲಾಗದ ಒಂದು ಬಣ್ಣ. ಕೈ ಒದ್ದೆ ಮಾಡಿಕೊಂಡು, ನೀರಿನಿಂದ ಎತ್ತದೆಯೇ ಗಾಳ ಬಿಡಿಸಿದೆ. ಒಣ ಕೈ ತಗುಲಿದರೆ ಮೀನಿನ ಮೈಯನ್ನು ಕಾಯುವ ಲೋಳೆ ಸುಲಿದುಹೋಗುತ್ತದೆ. ಅದು ಒಂದು ಗಳಿಗೆ ಅಲ್ಲೇ ಉಸಿರಾಡುತ್ತ ನಿಂತು, ಆಮೇಲೆ ಕಾಣದಾಯಿತು.

ವೃದ್ಧರು ಹಿಂದೆ ನಿಂತಿದ್ದರು. ಮೆಚ್ಚುತ್ತಾರೆಂದು ತಿರುಗಿದೆ. ‘ತಿನ್ನುವುದಿಲ್ಲ ಅಂತಾದ್ರೆ ಹಿಡಿಯುವುದೆಂತಕ್ಕೆ?’ ಎಂದರು. ಕೋಪವಿರಲಿಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದರು. ಹಸಿವಿಗಾಗಿ, ಮಕ್ಕಳಿಗಾಗಿ, ಮಳೆಗಾಲದ ಸಾಲಕ್ಕಾಗಿ ಮೀನು ಹಿಡಿದು ಮುಪ್ಪಾದವರು ಅವರು. ದಂಡೆಯಿಂದ ಊರೇ ಸೇರಿ ಎಳೆಯುತ್ತಿದ್ದ ರಂಪಣಿ ಬಲೆಯ ಕಾಲ ಯಂತ್ರದ ದೋಣಿಗಳ ಮುಂದೆ ಮುಗಿಯುತ್ತ ಬಂದುದನ್ನು ಕಣ್ಣಾರೆ ಕಂಡವರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯನ್ನು ನಾನು ನಲವತ್ತು ವರ್ಷ ಹೊತ್ತು ತಿರುಗಿದ್ದೇನೆ. ಬಿಟ್ಟುಬಿಡುವುದರಿಂದ ಮೀನಿನ ಸಂತತಿ ಉಳಿಯುತ್ತದೆ ಎಂಬುದು ಒಂದು ಉತ್ತರ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದದ್ದು ಇಂದಿಗೂ ದೊಡ್ಡ ದಾಖಲೆ. ಕಾವೇರಿಯ ಆ ದೊಡ್ಡ ಮಹಶೀರಿನ ಸರಿಯಾದ ಶಾಸ್ತ್ರೀಯ ಹೆಸರು ವಿಜ್ಞಾನಿಗಳಿಗೆ ನಿಶ್ಚಯವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಯನ್ನೂ ಸೇರಿತು. ಹೆಸರಿಡುವ ಹೊತ್ತಿಗೆ ಹೋಗುವ ಹೊತ್ತು ಬಂದಿತ್ತು. ಆದುದರಿಂದ ಬಿಡುವುದು ಒಳ್ಳೆಯದೇ. ಆದರೆ ವೃದ್ಧರು ಕೇಳಿದ್ದು ಬಿಡುವುದೇಕೆಂದಲ್ಲ, ಹಿಡಿಯುವುದೇಕೆಂದು. ಮೀನಿಗೆ ನೋವಿಲ್ಲ ಎಂದು ಹೇಳಿ ಪಾರಾಗಲು ನನ್ನ ಮನಸ್ಸು ಒಪ್ಪುವುದಿಲ್ಲ. ಅಂದಿನಿಂದ ನಾನು ಗಾಳದ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡುತ್ತೇನೆ, ಒಂದು ಬೆಳಿಗ್ಗೆಗೆ ಒಂದು ಮೀನಾದರೆ ಕೋಲು ಮಡಿಸುತ್ತೇನೆ. ಇದು ಉತ್ತರವಲ್ಲ, ಸಂಕೋಚ ಅಷ್ಟೇ.

2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಆ ಬೇಸಗೆಯಲ್ಲಿ ನಾನು ಊರಿಗೆ ಹೋದಾಗ ತಂದೆಯವರು ಬೇತಮಂಗಲಕ್ಕೆ ಕರೆದುಕೊಂಡು ಹೋಗು ಎಂದರು. ನಾವು ಗಾಳ ಹಾಕುತ್ತಿದ್ದ ಅಂಚಿನಲ್ಲಿ ನೀರಿರಲಿಲ್ಲ. ನೆಲ ಒಣಗಿ ಬಿರುಕು ಬಿಟ್ಟಿತ್ತು. ಅವರು ಬಿದಿರ ಕೋಲನ್ನು ಜೋಡಿಸಿ, ಆ ಬಿರಿದ ನೆಲದ ಮೇಲೆ ನಿಂತು ದಾರ ಬೀಸಿದರು. ಹಿಂದಕ್ಕೆ, ಒಂದು ಗಳಿಗೆ, ಮುಂದಕ್ಕೆ. ಮೇಯಲು ಬಂದ ಕುರಿಗಳನ್ನು ನಿಲ್ಲಿಸಿಕೊಂಡು ಹುಡುಗನೊಬ್ಬ ಬೆರಗಾಗಿ ನೋಡಿದ. ಹತ್ತು ಹದಿನೈದು ಸಲ ಬೀಸಿ, ‘ಸಾಕು ನಡಿ’ ಎಂದರು. ಅಲ್ಲಿ ಮೀನಿರಲಿಲ್ಲ, ನೀರೂ ಇರಲಿಲ್ಲ. ಅವರ ಮುಖದಲ್ಲಿ ಮಾತ್ರ ನಾನು ಹದಿನಾಲ್ಕರ ಹುಡುಗನಾಗಿದ್ದಾಗ ಕಂಡ ಶಾಂತಿಯೇ ಇತ್ತು. ಮರುವರ್ಷ ಅವರು ತೀರಿಕೊಂಡರು.

2021ರ ನವೆಂಬರಿನ ಮಳೆಗೆ ಪಾಲಾರ್ ಹೊಳೆ ಹರಿಯಿತು, ಬೇತಮಂಗಲದ ಕೆರೆ ತುಂಬಿತು. ನೋಡಲು ಹೋದೆ. ಏರಿಯ ಮೇಲೆ ಜಾತ್ರೆಯಂತೆ ಜನ. ನೂಕುನುಗ್ಗಲು ಕರಗಿದ ಮೇಲೆ, ಕೆಲವು ವಾರಗಳ ಬಳಿಕ ಬಿದಿರ ಕೋಲನ್ನು ತೆಗೆದುಕೊಂಡು ಮತ್ತೆ ಹೋದೆ. ಗರಿಯ ಗಾಳದ ಮೊನೆಯನ್ನು ಮನೆಯಲ್ಲೇ ಕತ್ತರಿಸಿದ್ದೆ. ಸಂಜೆ ಗೆಂಡೆಗಳು ಎದ್ದವು. ಒಂದು ಬಂದು ಗರಿಯನ್ನು ಹಿಡಿಯಿತು. ದಾರದಲ್ಲಿ ಆ ಪರಿಚಿತ ಮಿಡಿತ ಬಂದು ಬೆರಳಿಗೆ ತಾಗಿತು. ಮರುಕ್ಷಣ ಅದು ಉಗುಳಿ ತನ್ನ ದಾರಿ ಹಿಡಿಯಿತು. ಕತ್ತಲಾಗುವವರೆಗೆ ಹಾಗೆಯೇ ಆಡಿದೆ. ಬೆಂಗ್ರೆಯ ಆ ಹಿರಿಯರು ಈಗ ಇಲ್ಲ. ಇದ್ದಿದ್ದರೆ ದೋಣಿ ಹತ್ತಿ ಹೋಗಿ, ಹಿಡಿಯದೆಯೂ ಆಗುತ್ತದೆ, ಅಷ್ಟು ಕಲಿಯಲು ಇಷ್ಟು ವರ್ಷ ಹಿಡಿಯಿತು ಎಂದು ಅವರಿಗೆ ಹೇಳಿಬರುತ್ತಿದ್ದೆ.